ಬೀರು ಇಳಿಸಿದ ಮಧ್ಯಾಹ್ನ

ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಅವನನ್ನು ಎಲ್ಲರೂ ಸಿದ್ಧಪ್ಪ ಎಂದೇ ಕರೆಯುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ಯಾವ ಕೆಲಸಕ್ಕೆ ಕರೆದರೂ ಅವನು ಮೊದಲೇ ಸಿದ್ಧನಾಗಿರುತ್ತಿದ್ದ ಎಂಬುದಕ್ಕೆ ಜೊತೆಯವರು ಅಂಟಿಸಿದ ಹೆಸರು. ಒಂದು ಟಾರ್ಚ್ ಸಾಕಾಗುವ ಕಡೆಗೆ ಎರಡು ಒಯ್ಯುತ್ತಿದ್ದ. ಎರಡೂ ಕೈಕೊಟ್ಟರೆ ಇರಲಿ ಎಂದು ಜೇಬಿನಲ್ಲಿ ಮೇಣದಬತ್ತಿಯ ತುಂಡು ಇರುತ್ತಿತ್ತು. ಇವನು ಸ್ವರ್ಗಕ್ಕೆ ಹೋದರೂ ಒಳಗೆ ಕಾಲಿಡುವ ಮೊದಲು ಹಿತ್ತಿಲ ಬಾಗಿಲು ಎಲ್ಲಿದೆ ಎಂದು ವಿಚಾರಿಸುತ್ತಾನೆ ಅಂತ ನಗುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಲಿಫ್ಟಿನ ಕಸುಬೇ ಅಂಥದ್ದು. ಅದರ ಉಕ್ಕಿನ ಹಗ್ಗ ಹರಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಆದರೂ ಹರಿದರೆ ಎಂದು ಪೆಟ್ಟಿಗೆಯ ಅಡಿಯಲ್ಲಿ ಹಳಿಯನ್ನು ಕಚ್ಚಿ ಹಿಡಿಯುವ ಒಂದು ಬ್ರೇಕ್ ಇರುತ್ತದೆ. ಅದಕ್ಕೆ ವರ್ಷಗಟ್ಟಲೆ ಕೆಲಸವೇ ಬೀಳುವುದಿಲ್ಲ. ಆ ಕೆಲಸವಿಲ್ಲದ ಬ್ರೇಕನ್ನು ಅವನಷ್ಟು ಅಕ್ಕರೆಯಿಂದ ಒರೆಸಿ, ತಿರುಪು ಬಿಗಿದು ನೋಡುತ್ತಿದ್ದವರು ಇನ್ನೊಬ್ಬರಿರಲಿಲ್ಲ.

ಊರಿನವರ ಲಿಫ್ಟುಗಳನ್ನೆಲ್ಲ ಓಡಿಸುತ್ತಿದ್ದವನ ಸ್ವಂತ ಮನೆಗೆ ಮಾತ್ರ ಮೆಟ್ಟಿಲೇ ಗತಿ. ಮೂರನೆಯ ಮಹಡಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕಾದಷ್ಟು ಇಕ್ಕಟ್ಟಾದ ಮೆಟ್ಟಿಲು. ಕೆಳಗೆ ಒಂದು ಲಾರಿ ನಿಂತರೆ ಸೈಕಲ್ಲೂ ನುಸುಳಲಾರದ ಓಣಿ. ಮದುವೆಯಾಗಿ ಕೆಲವು ವರ್ಷದ ಮೇಲೆ ಹೆಂಡತಿ ಬಸುರಾದಳು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವಳದ್ದು. ಮಾತು ಕಡಿಮೆ, ಆಡಿದ ಮಾತು ಕಡ್ಡಿ ಮುರಿದಂತೆ. ತನ್ನ ತಾಯಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ ತೀರಿಕೊಂಡಾಗ ಆ ಉದ್ದನೆಯ ಓಣಿಯಂಥ ವಾರ್ಡುಗಳಲ್ಲಿ ಕೂತು ಕೂತು ಅವಳಿಗೆ ಆ ವಾಸನೆಯೇ ಆಗದಂತಾಗಿತ್ತು. ಮಗು ತನ್ನ ಮನೆಯಲ್ಲಿ, ತನ್ನ ಹಾಸಿಗೆಯ ಮೇಲೆ ಹುಟ್ಟಬೇಕು ಎಂದಳು.

ಅದಕ್ಕೆ ತಕ್ಕ ನರ್ಸಮ್ಮ ಒಬ್ಬರು ಸಿಕ್ಕರು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬಹಳ ಕಾಲ ದುಡಿದು, ಈಗ ಮನೆ ಹೆರಿಗೆ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ಎಲ್ಲ ಪರೀಕ್ಷೆ ಮಾಡಿ, ಮಗುವಿನ ತಲೆ ಕೆಳಗೇ ಇದೆ, ತಾಯಿಗೆ ರಕ್ತದೊತ್ತಡವಿಲ್ಲ ಎಂದು ನೋಡಿಕೊಂಡ ಮೇಲೇ ಒಪ್ಪಿದರು. ಆಸ್ಪತ್ರೆಗೂ ಮೊದಲೇ ತಿಳಿಸಿರಬೇಕು, ವಾಹನ ಬಾಗಿಲಲ್ಲಿರಬೇಕು ಎಂದು ಷರತ್ತು ಹಾಕಿದರು. ಕೊನೆಗೆ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಿದರು.

"ನೋಡಿ, ನಾನು ಹೋಗೋಣ ಅಂದ ತಕ್ಷಣ ಹೊರಡಬೇಕು. ಯಾಕೆ ಏನು ಅನ್ನೋದನ್ನ ದಾರೀಲಿ ಹೇಳ್ತೀನಿ."

ಸಿದ್ಧಪ್ಪನಿಗೆ ಆ ಮಾತು ಕೇಳಿ ಹೊಟ್ಟೆ ತುಂಬಿದಂತಾಯಿತು. ಇದು ಅವನಿಗೆ ಅರ್ಥವಾಗುವ ಭಾಷೆ. ಅಂದಿನಿಂದ ಅವನ ಸಂಜೆಗಳೆಲ್ಲ ಅದಕ್ಕೇ ಮೀಸಲಾದವು. ಹಳೆಯ ಮರದ ಕುರ್ಚಿಯೊಂದಕ್ಕೆ ಹಿಡಿಕೆ ಕೂರಿಸಿ, ಸೊಂಟಕ್ಕೂ ಎದೆಗೂ ಪಟ್ಟಿ ಹೊಲಿಸಿ, ಮೆಟ್ಟಿಲಿನಲ್ಲಿ ಹೊತ್ತು ಇಳಿಸುವಂತೆ ಮಾಡಿದ. ಅದರಲ್ಲಿ ಅಕ್ಕಿ ಮೂಟೆ ಕೂರಿಸಿ, ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ತನ್ನ ಭಾವಮೈದುನನನ್ನು ಕರೆಸಿ, ಹೊತ್ತು ಇಳಿಸಿ ಹತ್ತಿಸಿ ಅಭ್ಯಾಸ ಮಾಡಿದ. ಅಕ್ಕಿ ಮೂಟೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ನಾನು ಎಲ್ಲೂ ನೋಡಿಲ್ಲ ಭಾವ ಎಂದು ಅವನು ಏದುಸಿರಿನ ನಡುವೆಯೂ ತಮಾಷೆ ಮಾಡಿದ. ಕಂಪನಿಯ ವ್ಯಾನನ್ನು ಆ ವಾರಕ್ಕೆ ಕೇಳಿ ತಂದಿಟ್ಟುಕೊಂಡ. ಆಸ್ಪತ್ರೆಯ ಯಾವ ಗೇಟು ಯಾವ ಹೊತ್ತಿಗೆ ಮುಚ್ಚುತ್ತದೆ, ಯಾವ ರಸ್ತೆ ಅಗೆದಿದ್ದಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು.

ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಸಂಜೆ ಅವನು ಕುರ್ಚಿಯ ಪಟ್ಟಿ ಎಳೆದೆಳೆದು ನೋಡುತ್ತಿದ್ದಾಗ ಪಕ್ಕಕ್ಕೆ ಬಂದು ಕೂತಳು.

"ರೀ, ಇದೆಲ್ಲ ಇರ್ಲಿ, ಒಳ್ಳೇದೇ. ಆದ್ರೆ ನಂಗೆ ಬೇಕಾಗಿರೋದು ಒಂದೇ. ಆ ಹೊತ್ತಲ್ಲಿ ನೀವು ನನ್ನ ಪಕ್ಕ ಕೂತಿರಬೇಕು."

"ಕೂರೋದೇನು ದೊಡ್ಡ ಕೆಲಸ? ಕೂರ್ತೀನಿ ಬಿಡು" ಎಂದ ಅವನು, ಪಟ್ಟಿಯ ಹೊಲಿಗೆಯಿಂದ ಕಣ್ಣು ತೆಗೆಯದೆ.

ನೋವು ಶುರುವಾದದ್ದು ಒಂದು ಮುಂಜಾನೆ. ನರ್ಸಮ್ಮ ತಮ್ಮ ಚೀಲದೊಂದಿಗೆ ಬಂದರು. ಭಾವಮೈದುನ ಬೇಕರಿಗೆ ರಜೆ ಹಾಕಿ ಬಂದು ಅಡುಗೆಮನೆಯಲ್ಲಿ ನೀರು ಕಾಯಿಸುವ ಅಧಿಕಾರ ವಹಿಸಿಕೊಂಡ. ಸಿದ್ಧಪ್ಪ ಹೆಂಡತಿಯ ಪಕ್ಕದಲ್ಲಿ ಕೂತಿದ್ದ. ಕೂತಿದ್ದ ಎಂದರೆ, ದೇಹ ಅಲ್ಲಿತ್ತು. ಕಿವಿ ಕಿಟಕಿಯಾಚೆ ಇತ್ತು. ಅವಳು ಕೈ ಹಿಡಿದಾಗ ಹಿಡಿಸಿಕೊಳ್ಳುತ್ತಿದ್ದ, ಬಿಟ್ಟ ಕೂಡಲೇ ಎದ್ದು ಹೋಗಿ ಕೆಳಗೆ ವ್ಯಾನ್ ಇದೆಯೇ ಎಂದು ಇಣುಕುತ್ತಿದ್ದ. ವ್ಯಾನಿಗೇನು ಕಾಲು ಬರುತ್ತದೆಯೇ ಎಂದು ನರ್ಸಮ್ಮ ಕೂಡ ಒಮ್ಮೆ ಗದರಿದರು.

ಮಧ್ಯಾಹ್ನದ ಹೊತ್ತಿಗೆ ನೋವು ಒಂದರ ಬೆನ್ನಿಗೆ ಒಂದು ಬರತೊಡಗಿತು. ಆಗಲೇ ಓಣಿಯಲ್ಲಿ ಹಾರ್ನ್ ಸದ್ದು ಕೇಳಿಸಿತು. ಇಣುಕಿದರೆ, ಪೀಠೋಪಕರಣದ ಅಂಗಡಿಯ ಲಾರಿಯೊಂದು ಓಣಿಯ ಬಾಯಿಗೆ ಬಿರಡೆ ಹಾಕಿದ ಹಾಗೆ ನಿಂತಿದೆ. ಎದುರುಮನೆಗೆ ಸಾಮಾನು ಬಂದಿದೆ. ವ್ಯಾನು ಲಾರಿಯ ಒಳಬದಿಗೆ ಸಿಕ್ಕಿಬಿದ್ದಿದೆ. ಸಿದ್ಧಪ್ಪ ಹಾಸಿಗೆಯ ಕಡೆ ತಿರುಗಿದ.

"ದಾರಿ ಕಟ್ಟಿದೆ. ತೆಗೆಸಿ ಬಂದ್ಬಿಡ್ತೀನಿ" ಎಂದು ಹೊರಟ.

ಹೆಂಡತಿ ಅಂಗಿಯ ತುದಿ ಹಿಡಿದಳು. "ಹೋಗಬೇಡಿ."

ಈಗ ವಾಹನದ ಅಗತ್ಯವೇನೂ ಕಾಣುತ್ತಿಲ್ಲ, ಎಲ್ಲ ಸರಿಯಾಗೇ ಇದೆ, ಲಾರಿ ತಾನಾಗೇ ಹೋಗುತ್ತದೆ ಎಂದರು ನರ್ಸಮ್ಮ. ಬೇಕಾದರೆ ನಾನು ಹೋಗುತ್ತೇನೆ ಎಂದು ಭಾವಮೈದುನನೂ ಹೇಳಿದ. ಆದರೆ ಹಗ್ಗ ಗಟ್ಟಿಯಾಗಿದೆ ಎಂದು ಯಾರೋ ಹೇಳಿದ ಮಾತ್ರಕ್ಕೆ ಬ್ರೇಕ್ ನೋಡದೆ ಬಿಟ್ಟವನಲ್ಲ ಅವನು. ಬೇರೆಯವರು ನೋಡಿದರೂ ಸಮಾಧಾನವಿಲ್ಲ. ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಈಗ ಬಂದೆ ಎಂದು ಹೇಳಿ ಮೆಟ್ಟಿಲಿಳಿದ.

ಲಾರಿಯವರು ಮಾಲು ಇಳಿಸದೆ ಗಾಡಿ ತೆಗೆಯುವುದಿಲ್ಲ ಎಂದರು. ಮೇಲಿದ್ದದ್ದು ಒಂದು ಭಾರಿ ಬೀರು, ನಿಲುಗನ್ನಡಿ ಬೇರೆ ಅದಕ್ಕೆ. ಹೊರುವವರು ಇಬ್ಬರೇ. ಜಗಳಕ್ಕೆ ನಿಂತರೆ ಹೊತ್ತು ಹೋಗುತ್ತದೆ ಎಂದು ಸಿದ್ಧಪ್ಪ ತಾನೇ ಹೆಗಲು ಕೊಟ್ಟ. ಭಾರ ಎತ್ತಿಸುವುದು ಅವನಿಗೆ ಕರಗತವಾದ ವಿದ್ಯೆ. ಓಣಿ ಮೊಳಗುವ ಹಾಗೆ ಹುರಿದುಂಬಿಸುತ್ತಾ, ಆ ಇಬ್ಬರನ್ನು ಸರಿದಾರಿಯಲ್ಲಿ ನಡೆಸುತ್ತಾ ಬೀರುವನ್ನು ಇಳಿಸಿ, ಎದುರುಮನೆಯ ಬಾಗಿಲು ದಾಟಿಸಿದ. ಲಾರಿ ಹಿಂದಕ್ಕೆ ಸರಿಯಿತು. ದಾರಿ ತೆರೆಯಿತು.

ಬೆವರು ಒರೆಸಿಕೊಳ್ಳುತ್ತಾ ಎರಡನೆಯ ಮಹಡಿಗೆ ಬಂದಿದ್ದಾಗ ಮೇಲಿನಿಂದ ಮಗುವಿನ ಅಳು ಕೇಳಿಸಿತು.

ಅವನು ಬಾಗಿಲಲ್ಲಿ ನಿಂತ. ಹೆಂಡತಿ ದಿಂಬಿಗೆ ಒರಗಿದ್ದಳು. ಎದೆಯ ಮೇಲೆ ಒದ್ದೆಯಾದ, ಕೆಂಪನೆಯ ಹೆಣ್ಣು ಕೂಸು. ಬಾಗಿಲ ಹೊರಗೇ ನಿಂತಿದ್ದ ಭಾವಮೈದುನ ಕಣ್ಣೊರೆಸಿಕೊಳ್ಳುತ್ತಿದ್ದ. ಏನಾದರೂ ಹೇಳಬೇಕು ಎನಿಸಿತು ಸಿದ್ಧಪ್ಪನಿಗೆ. ಬಾಯಿಗೆ ಬಂದದ್ದು ಒಂದೇ ಮಾತು.

"ಲಾರಿ ಹೋಯ್ತು."

ಹೆಂಡತಿ ಅವನ ಕಡೆ ನೋಡಿದಳು. ಆಮೇಲೆ ಮಗುವಿನ ಕಡೆ ತಿರುಗಿದಳು.

ಆ ನೋಟದ ಬಗ್ಗೆ ಯೋಚಿಸಲು ಅವನಿಗೆ ಪುರಸೊತ್ತು ಸಿಗಲಿಲ್ಲ. ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ನರ್ಸಮ್ಮ ಚುಚ್ಚುಮದ್ದು ಕೊಟ್ಟು ನೋಡಿದರು, ಹೊಟ್ಟೆ ನೀವಿ ನೋಡಿದರು. ಕೊನೆಗೆ ತಲೆಯೆತ್ತಿ ಹೋಗೋಣ ಎಂದರು. ಅಲ್ಲಿಂದ ಮುಂದಿನದ್ದೆಲ್ಲ ಸಿದ್ಧಪ್ಪನ ರಾಜ್ಯ. ಕುರ್ಚಿ ಬಂತು, ಪಟ್ಟಿ ಬಿಗಿಯಿತು, ಅವನೂ ಭಾವಮೈದುನನೂ ಒಂದೇ ಹೆಜ್ಜೆಯಲ್ಲಿ ಹೊತ್ತು ಇಳಿದರು. ನರ್ಸಮ್ಮ ಮಗುವನ್ನು ಎತ್ತಿಕೊಂಡು, ತಾಯಿಯ ಮುಖದ ಮೇಲೆ ಕಣ್ಣಿಟ್ಟುಕೊಂಡೇ ಜೊತೆಗೆ ನಡೆದರು. ವ್ಯಾನು ಎಲ್ಲೂ ನಿಲ್ಲಲಿಲ್ಲ. ಗೇಟಿನಲ್ಲಿ ಆಸ್ಪತ್ರೆಯವರು ಗಾಲಿಮಂಚ ಹಿಡಿದು ಕಾಯುತ್ತಿದ್ದರು. ಸಂಜೆ ಡಾಕ್ಟರಮ್ಮ ಹೊರಗೆ ಬಂದು, ಇನ್ನೊಂದು ಸ್ವಲ್ಪ ತಡವಾಗಿದ್ದರೆ ಹೇಳೋಕಾಗ್ತಿರಲಿಲ್ಲ, ಒಳ್ಳೆ ತಯಾರಿ ಮಾಡಿದ್ರಿ ಎಂದು ಅವನ ಭುಜ ತಟ್ಟಿ ಹೋದರು.

ಆ ತಟ್ಟಿದ ಭುಜವನ್ನು ಸಿದ್ಧಪ್ಪ ಬಹಳ ವರ್ಷ ಹೊತ್ತು ತಿರುಗಿದ. ಕಂಪನಿಯಲ್ಲಿ, ಮದುವೆಮನೆಗಳಲ್ಲಿ, ಮಗಳ ಶಾಲೆಯ ಗೇಟಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಆ ಕಥೆ ಹೇಳಿದ. ಲಾರಿ ಹೇಗೆ ಅಡ್ಡ ನಿಂತಿತ್ತು, ಬೀರು ಹೇಗಿತ್ತು, ಕುರ್ಚಿ ಹೇಗೆ ಕೆಲಸಕ್ಕೆ ಬಂತು. ಸುಳ್ಳು ಒಂದು ಕೂದಲೆಳೆಯಷ್ಟೂ ಇರಲಿಲ್ಲ ಅದರಲ್ಲಿ. ಹೆಂಡತಿ ಆ ಹೊತ್ತಿಗೆ ಚಹಾ ಇಡಲು ಎದ್ದು ಹೋಗುತ್ತಿದ್ದಳು. ಕೇಳಿ ಕೇಳಿ ಬೇಸರವಾಗಿರಬೇಕು ಎಂದುಕೊಳ್ಳುತ್ತಿದ್ದ ಅವನು.

ಮಗಳು ಬೆಳೆದು ದನಕರುಗಳ ಡಾಕ್ಟರಾದಳು, ಮದುವೆಯಾದಳು, ಬಸುರಾದಳು. ತಾಯಿಯ ಹಾಗೆ ಅವಳಿಗೂ ಮನೆಯಲ್ಲೇ ಹೆರುವ ಆಸೆ. ಹೊಸ ನರ್ಸಮ್ಮ ಗೊತ್ತಾದರು, ಆಸ್ಪತ್ರೆಗೂ ತಿಳಿಸಿದ್ದಾಯಿತು. ಒಂದು ಭಾನುವಾರ ಊಟದ ಮೇಜಿನಲ್ಲಿ ಅಳಿಯನೂ ಕೂತಿದ್ದಾಗ ಅವಳು, ನಾನು ಹುಟ್ಟಿದ್ದು ಹೇಗೆ ಎಂದು ಕೇಳಿದಳು. ಸಿದ್ಧಪ್ಪ ಗಂಟಲು ಸರಿಮಾಡಿಕೊಂಡು, ಓಣಿಗೆ ಲಾರಿ ಬಂದಲ್ಲಿಂದ ಶುರುಮಾಡಿದ.

"ಅದು ಲಾರಿ ಕಥೆ ಅಪ್ಪ. ಅದು ನಂಗೂ ಬಾಯಿಗೆ ಬರುತ್ತೆ. ಒಳಗೆ ಏನಾಯ್ತು ಹೇಳಿ."

ಅವನು ಬಾಯಿ ತೆರೆದ. ಒಳಗಿನದ್ದು ಅವನು ನೋಡಿಯೇ ಇರಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತಾ ಹೇಳಿದಳು.

ಗಂಡ ಇಳಿದು ಹೋದ ಮೇಲೆ ತನಗೆ ಧೈರ್ಯವೆಲ್ಲ ಸೋರಿ ಹೋಯಿತು, ಉಸಿರು ಬಿಗಿಹಿಡಿದು ಮುಕ್ಕಲು ಆಗುವುದಿಲ್ಲ ಎಂದು ಹಟ ಹಿಡಿದೆ ಎಂದಳು. ನರ್ಸಮ್ಮ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಸೆಕೆಗೆ ಕಿಟಕಿ ತೆರೆದಿತ್ತು. ಕೆಳಗಿನಿಂದ ಗಂಡನ ದನಿ ಬರತೊಡಗಿತು.

"'ಇನ್ನೊಂಚೂರು, ಇನ್ನೊಂಚೂರು. ಬಿಡಬೇಡಿ. ಬಂತು, ಬಂತು, ಆಯ್ತು' ಅಂತ ಕೂಗ್ತಿದ್ರು ನಿಮ್ಮಪ್ಪ. ನಾನು ಆ ದನಿ ಹಿಡ್ಕೊಂಡೇ ಮುಕ್ಕಿದೆ. ನೀನು ಹುಟ್ಟಿದ್ದು ಆ ಮಾತಿಗೆ." ಅವಳು ಸಣ್ಣಗೆ ನಕ್ಕಳು. "ಅದು ಬೀರುಗೆ ಹೇಳಿದ್ದು ಅಂತ ಗೊತ್ತಿತ್ತು. ಆದ್ರೂ ಹಿಡ್ಕೊಂಡೆ."

ಅಳಿಯ ನಗಲು ಹೊರಟವನು ನಿಲ್ಲಿಸಿದ. ಮಗಳು ತಾಯಿಯ ಕೈ ಹಿಡಿದುಕೊಂಡಳು. ಸಿದ್ಧಪ್ಪ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದ.

ಅವರಿಬ್ಬರೂ ಹೋದ ಮೇಲೆ, ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಹಿಂದೆ ಹೋಗಿ ನಿಂತು ಕೇಳಿದ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ." ಅವಳು ತಿರುಗದೆ ಹೇಳಿದಳು. "ಮೊದಮೊದಲು ಸಿಟ್ಟಿತ್ತು. ಆದ್ರೆ ಜೀವ ಉಳಿಸಿದವರ ಜೊತೆ ಹೇಗೆ ಜಗಳ ಆಡೋದು ಹೇಳಿ?"

ಸಿದ್ಧಪ್ಪ ಬಟ್ಟೆ ತೆಗೆದುಕೊಂಡು ತೊಳೆದ ತಟ್ಟೆ ಒರೆಸತೊಡಗಿದ. ಆವತ್ತು ಲಾರಿ ತೆಗೆಸದಿದ್ದರೆ ಇವಳು ಇರುತ್ತಿದ್ದಳೋ ಇಲ್ಲವೋ. ತೆಗೆಸಲು ಭಾವಮೈದುನ ಸಾಕಿತ್ತು, ಅದೂ ನಿಜ. ಅವನು ಎರಡನ್ನೂ ಮಗುಚಿ ಮಗುಚಿ ನೋಡಿದ. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಮಗಳ ಹೆರಿಗೆಯ ದಿನ ಅವನಿಗೆ ಒಪ್ಪಿಸಿದ್ದು ಕಾರಿನ ಕೆಲಸ. ಅಪ್ಪ ಇದ್ದರೆ ಆ ಕಡೆಯ ಚಿಂತೆಯಿಲ್ಲ ಎಂದು ಅವಳೇ ಹೇಳಿದ್ದಳು, ಪ್ರೀತಿಯಿಂದಲೇ. ಒಳಗೆ ಇರಬೇಕು ಎಂದು ಈಗ ಅವನಿಗೆ ಅನಿಸುತ್ತಿತ್ತು, ಆದರೆ ಆ ಜಾಗ ಅಳಿಯನದ್ದು. ತನ್ನ ಜಾಗ ಬೇರೊಂದು ಕೋಣೆಯಲ್ಲಿತ್ತು, ಅದು ಎಂದೋ ಕಳೆದುಹೋಗಿತ್ತು. ಅಟ್ಟ ಮೇಲೆ ಒಲೆ ಉರಿದರೆ ಯಾರಿಗೆ ಏನು ಬಂತು. ಅವನು ಗೇಟಿನ ಬಳಿ ಕಾರಿನಲ್ಲಿ ಬೀಗದ ಕೈ ಹಿಡಿದು ಕೂತ. ಅದನ್ನು ತಿರುಗಿಸುವ ಸಂದರ್ಭ ಬರಲಿಲ್ಲ. ಬೆಳಿಗ್ಗೆ ಗಂಡು ಮಗು ಸುಸೂತ್ರವಾಗಿ ಹುಟ್ಟಿತು.

ಅಳಿಯ ಹೊರಗೋಡಿ ಬಂದು ಕಾರಿನ ಬಾಗಿಲು ತೆಗೆದು ಪಕ್ಕದಲ್ಲಿ ಕುಸಿದು ಕೂತ. ಅವನ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. ಮಾವನನ್ನು ಕಂಡರೆ ಸ್ವಲ್ಪ ಹೆದರುತ್ತಿದ್ದ ಹುಡುಗ, ಅಂದು ಮಾತ್ರ ತಡೆಯಿಲ್ಲದೆ ಮಾತಾಡಿದ. ಸಿದ್ಧಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಸಾಲದೆ ಕೆದಕಿ ಕೆದಕಿ ಕೇಳಿದ: ಮೊದಲು ಕಂಡದ್ದು ಏನು, ಅವಳು ಏನೆಂದಳು, ಮಗು ಅತ್ತದ್ದು ಹೊರಗೆ ಬಂದ ಕೂಡಲೇ ಇಲ್ಲ ಸ್ವಲ್ಪ ತಡೆದೇ, ಕಣ್ಣು ತೆರೆದಿತ್ತೇ. ಅಳಿಯ ಒಂದೊಂದಕ್ಕೂ ಉತ್ತರ ಕೊಟ್ಟ.

ಆ ಸಂಜೆ ಹೆಂಡತಿ ಮಗಳ ಮನೆಯ ವರಾಂಡದಲ್ಲಿ ಕಾಲು ಚಾಚಿ ಕೂತಿದ್ದಳು. ಅವನು ಹೋಗಿ ಹತ್ತಿರ ಕೂತ. ಅಳಿಯನನ್ನು ಕೇಳಿದ್ದ ಪ್ರಶ್ನೆಗಳನ್ನೇ ಅವಳನ್ನೂ ಕೇಳಿದ. ಇಂದಿನ ಮಗುವಿನ ಬಗ್ಗೆ ಅಲ್ಲ, ಅಂದಿನದ್ದರ ಬಗ್ಗೆ. ಅವಳು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿದಳು. ನಿಮ್ಮ ದನಿಯೊಂದು ಚೆನ್ನಾಗಿ ನೆನಪಿದೆ, ಉಳಿದದ್ದೆಲ್ಲ ಮಸುಕು ಎಂದಳು. ಮಗಳು ಮೊದಲು ಅತ್ತಳೋ, ಕಣ್ಣು ಬಿಟ್ಟಳೋ, ಗೊತ್ತಿಲ್ಲ. ತಮ್ಮನನ್ನು ಕೇಳೋಣವೆಂದರೆ ಅವನು ಬಾಗಿಲ ಹೊರಗಿದ್ದ. ನರ್ಸಮ್ಮ ತೀರಿಕೊಂಡು ಎಷ್ಟೋ ಕಾಲವಾಯಿತು.

"ಆಗಲೇ ಕೇಳಿದ್ರೆ ಹೇಳ್ತಿದ್ದೆ" ಎಂದಳು ಅವಳು. ದೂರುವ ದನಿ ಅಲ್ಲ ಅದು. ಅವನಿಗಾಗಿ ನೊಂದುಕೊಂಡ ದನಿ.

ಒಳಗೆ ಮಗು ಎದ್ದು ಕುಂಯ್ಗುಟ್ಟಿತು. ಅವಳು ಮಂಡಿ ಹಿಡಿದುಕೊಂಡು ಎದ್ದು ಹೋದಳು. ಸಿದ್ಧಪ್ಪ ಅಲ್ಲೇ ಕೂತಿದ್ದ.