ಕುರ್ಚಿ ಬಿಟ್ಟುಕೊಟ್ಟ ಮೇಲ್ವಿಚಾರಕಿ

ಶಹಾಪುರದ ಹತ್ತಿ ಮಿಲ್ಲಿನಲ್ಲಿ ನಾವು ಹೆಂಗಸರು ದಿನವಿಡೀ ನಿಂತೇ ಹತ್ತಿ ಆರಿಸುತ್ತಿದ್ದೆವು. ಯಾರು ಬಳಲಿದಂತೆ ಕಂಡರೂ ನಮ್ಮ ಮೇಲ್ವಿಚಾರಕಿ ಹತ್ತಿರ ಬಂದು, ಸೆರಗಿನಿಂದ ಮೂಗಿನ ಮೇಲಿನ ಧೂಳು ಒರೆಸಿಕೊಳ್ಳುತ್ತಾ, "ನನ್ನ ಮುಂದ ಹೇಳವ್ವ, ನಾ ಅದೀನಿ" ಎನ್ನುತ್ತಿದ್ದರು.

ವಡಗೇರಾದಿಂದ ಬರುತ್ತಿದ್ದ ಏಳು ತಿಂಗಳ ಬಸುರಿಯೊಬ್ಬಳ ಕಾಲುಗಳು ಒಂದು ದಿನ ಬಾತುಕೊಂಡವು. ಮೇಲ್ವಿಚಾರಕಿ ತಮ್ಮ ಕುರ್ಚಿಯನ್ನೇ ಅವಳಿಗೆ ಕೊಟ್ಟರು. ಮರುದಿನ ಆ ಕುರ್ಚಿ ಇರಲಿಲ್ಲ. ಅವರು ಮಾಲೀಕನ ಕೋಣೆಗೆ ಕೇಳಲು ಹೋದಾಗ ಆತ, "ಒಬ್ಬಾಕಿ ಕುಂತ್ರ ಎಲ್ಲಾರೂ ಕುಂದರ್ತಾರ. ಆಕಿಗಿ ಆಗವಲ್ದಂದ್ರ ಮನಿಗಿ ಕಳಸ್ರಿ" ಅಂದದ್ದು ನಮಗೂ ಕೇಳಿಸಿತು.

ಹೊರಗೆ ಬಂದ ಮೇಲ್ವಿಚಾರಕಿ ಬಸುರಿಯ ಹೆಗಲ ಮೇಲೆ ಕೈಯಿಟ್ಟು, "ನಾಳಿಂದ ಬರಬ್ಯಾಡವ್ವ" ಎಂದರು. ಆಕೆ ಬುತ್ತಿಯ ಚೀಲ ಎತ್ತಿಕೊಂಡು ಹೋದಳು.

ವಾರದಲ್ಲೇ ಆ ಜಾಗಕ್ಕೆ ಹೊಸಬಳು ಬಂದಳು. ಕೆಲಸ ತೋರಿಸಿಕೊಡುವಾಗ ಮೇಲ್ವಿಚಾರಕಿ ಅವಳ ಕೈಗಳನ್ನಷ್ಟೇ ನೋಡುತ್ತಿದ್ದರು. ಮುಖವನ್ನು ಒಮ್ಮೆಯೂ ನೋಡಲಿಲ್ಲ.