ಹಬ್ಬದ ಮರುದಿನದ ಆಪರೇಷನ್

ರಾದೋಯ್ಕಾ ವಾಲ್ಯೆವೊ ಊರಿನ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಗಂಡ ತೀರಿಕೊಂಡ ದಿನವೂ ಅಳದೆ, ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟವಳು. ಮನೆಗೆ ಬಂದವರ ಮನಸ್ಸು ನೋಯಿಸುವುದು ಅವಳಿಗೆ ಈ ಜನ್ಮದಲ್ಲಿ ಬಾರದು. ಪಕ್ಕದ ಮನೆಯವಳಾದ ನನಗೆ ಇದಕ್ಕೇ ಅವಳ ಮೇಲೆ ಸಿಟ್ಟು.

ಅವಳ ಕಪ್ಪು ಮರಿಬೆಕ್ಕು ಗಾರಾ ಸ್ವಲ್ಪ ಓಡಿದರೂ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನಾನು ನರ್ಸಾಗಿರುವ ಪ್ರಾಣಿಗಳ ಆಸ್ಪತ್ರೆಗೇ ತಂದಳು. ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕಿದ್ದ ರಕ್ತನಾಳವೊಂದು ಹೃದಯದ ಬಳಿ ತೆರೆದೇ ಉಳಿದಿತ್ತು. ಎದೆ ಕೊಯ್ದು ಅದನ್ನು ದಾರದಿಂದ ಬಿಗಿದು ಕಟ್ಟಿದರೆ ಬೆಕ್ಕು ಬದುಕುತ್ತದೆ, ತಡವಾದರೆ ಇಲ್ಲ. ಕಟ್ಟಬಲ್ಲ ಡಾಕ್ಟರು ಬೆಲ್‌ಗ್ರೇಡಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಆಪರೇಷನ್‌ಗೆ ಸಿಕ್ಕ ದಿನ ಸಂತ ನಿಕೋಲನ ಹಬ್ಬದ ಮರುದಿನ. ನಿಕೋಲ ಅವಳ ಗಂಡನ ಮನೆತನವನ್ನು ಕಾಯುವ ಸಂತ. ಹಬ್ಬದ ದಿನ ಅವಳ ಮನೆಗೆ ನೆಂಟರು ಕರೆಯದೆಯೇ ಬರುತ್ತಾರೆ.

"ರಾತ್ರಿಯಿಂದ ಅದಕ್ಕೇನೂ ತಿನ್ನಿಸ್ಬೇಡ" ಎಂದು ಸಾರಿ ಸಾರಿ ಹೇಳಿದ್ದೆ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ರಾದೋಯ್ಕಾಳನ್ನು ಕೇಳಿದರು. "ಏನಾದ್ರೂ ತಿಂದಿದೆಯೇನಮ್ಮಾ?"

"ಈಗಷ್ಟೇ, ಮೀನು."

"ಯಾರು ಕೊಟ್ರು?"

"ಮೈದುನ. ಹಬ್ಬಕ್ಕೆ ಬಂದು ಉಳ್ಕೊಂಡಿದ್ದ. ಈ ಮನೆಯಿಂದ ಯಾರೂ ಹಸ್ಕೊಂಡು ಹೋಗಬಾರ್ದು ಅಂತ ಮುಳ್ಳು ಬಿಡಿಸಿ ತಿನ್ನಿಸ್ದ."

"ನೀವು ನೋಡ್ತಾ ಇದ್ರಾ?"

"ಹಬ್ಬಕ್ಕೆ ಬಂದವನ ಕೈಯಿಂದ ತಟ್ಟೆ ಕಿತ್ಕೊಳ್ಳೋಕೆ ಆಗುತ್ತಾ, ಡಾಕ್ಟ್ರೇ?"

ತುಂಬಿದ ಹೊಟ್ಟೆಗೆ ಅರಿವಳಿಕೆ ಕೊಟ್ಟರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಧ್ಯಾಹ್ನಕ್ಕೆ ಡಾಕ್ಟರು ಹೊರಡಬೇಕಿತ್ತು. ಮುಂದಿನ ತಿಂಗಳು ನೋಡೋಣ ಎಂದರು. ಅವಳು ತಲೆಯಾಡಿಸಿ ಬೆಕ್ಕಿನ ಬುಟ್ಟಿ ಎತ್ತಿಕೊಂಡಳು.

ಮುಂದಿನ ತಿಂಗಳವರೆಗೆ ಗಾರಾ ಉಳಿಯಲಿಲ್ಲ. ರಾದೋಯ್ಕಾ ಅದರ ಬಟ್ಟಲು ತೊಳೆದಿಟ್ಟು ಡ್ಯೂಟಿಗೆ ಹೋದಳು.

ಆಮೇಲೊಂದು ಭಾನುವಾರ ನಾನು ಅವಳ ಅಡುಗೆಮನೆಯಲ್ಲಿದ್ದಾಗ ಮೈದುನ ಸ್ವೆತೋಜಾರನ ಫೋನು ಬಂತು. ಅವನ ದನಿ ನನಗೂ ಕೇಳುತ್ತಿತ್ತು.

"ಅತ್ತಿಗೆ, ನಮ್ಮ ರೋಗಿ ಗಾರಾ ಹೇಗಿದ್ದಾಳೆ?"

"ಆಪರೇಷನ್ ಆಯ್ತು. ಚೆನ್ನಾಗಿದ್ದಾಳೆ."

"ನಾನವತ್ತು ಹೊಟ್ಟೆ ತುಂಬ ತಿನ್ನಿಸಿ ಕಳಿಸಿದ್ದಕ್ಕೇ ತಡ್ಕೊಂಡ್ಲು. ಖಾಲಿ ಹೊಟ್ಟೇಲಾಗಿದ್ರೆ ಸತ್ತೇ ಹೋಗ್ತಿದ್ಲು."

"ಹೂಂ ಕಣೋ" ಎಂದು ಅವಳು ಫೋನಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. "ನಿಂಗೇನೂ ಅನ್ಸೋದೇ ಇಲ್ವೇನೆ?"

"ಇಲ್ಲ ಕಣೆ, ಏನೂ ಅನ್ಸಲ್ಲ" ಎಂದಳು. ನಿಜವಾಗಿಯೂ ಮುಖದಲ್ಲಿ ಏನೂ ಇರಲಿಲ್ಲ. "ಮುಂದಿನ ಹಬ್ಬಕ್ಕೂ ಬರ್ತಾನೆ. ಅಷ್ಟರೊಳಗೆ ಅಂಥದ್ದೇ ಕಪ್ಪು ಬೆಕ್ಕೊಂದು ಹುಡುಕಿಕೊಡು."