ಅಕ್ಕಿ ಡ್ರಮ್ಮಿನ ಹಿಂದೆ

ಮೊನ್ನೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಸಾರಕ್ಕಿ ಸಿಗ್ನಲ್ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸು ಹತ್ತಿಗೆ ಸ್ಪಿರಿಟ್ ಸುರಿದು ನನ್ನ ಬೆರಳು ಒರೆಸಿದಳು. ಆ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಬಚ್ಚಲು ಎಲ್ಲಿದೆ ಎಂದು ಹುಡುಕುತ್ತದೆ. ನಿಮಗೆ ವಿಚಿತ್ರ ಅನ್ನಿಸಬಹುದು. ಕುಡುಕನ ಜೊತೆ ಮೂವತ್ತು ವರ್ಷ ಬಾಳಿದವರಿಗೆ ಅನ್ನಿಸುವುದಿಲ್ಲ.

ನಮ್ಮ ಯಜಮಾನರು ಬ್ರಾಂದಿ ಬಾಟಲಿಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಡುತ್ತಿದ್ದರು. ನಾನು ತೆಗೆದು ಬಚ್ಚಲಿಗೆ ಸುರಿದು, ಬಾಟಲಿ ತೊಳೆದು ಬಿಸಿಲಿಗಿಡುತ್ತಿದ್ದೆ. "ನನ್ ಸಾಮಾನು ಮುಟ್ಬೇಡ ಅಂದಿಲ್ವೇನೇ?" ಅನ್ನೋರು. ಮುಟ್ಟುತ್ತಿದ್ದೆ. ಅವರು ಕುಡಿತ ಬಿಡಲಿಲ್ಲ, ಡ್ರಮ್ಮಿನ ಹಿಂದೆ ಇಡುವುದನ್ನೂ ಬಿಡಲಿಲ್ಲ. ಬೇರೆ ಜಾಗ ಹುಡುಕುವಷ್ಟು ಬುದ್ಧಿ ಇದ್ದಿದ್ದರೆ ಕುಡಿಯುತ್ತಲೇ ಇರಲಿಲ್ಲವೇನೋ. ಅವರು ಹೋದ ಮೇಲೆ ಮನೆತುಂಬ ಖಾಲಿ ಬಾಟಲಿ ಉಳಿದವು. ಬೀದಿಯವರು ನನ್ನನ್ನು ಗಟ್ಟಿಗಿತ್ತಿ ಅಂದರು. ನಾನೂ ನಂಬಿದೆ.

ಮೊಮ್ಮಗಳು ಪವಿತ್ರ ಹೋದ ವರ್ಷದವರೆಗೆ ನನ್ನ ಜೊತೆಗಿದ್ದಳು. ಅವಳದು ಸಮುದ್ರದ ಓದು. ವರ್ಷಕ್ಕೊಮ್ಮೆ ರಾಮೇಶ್ವರದ ಕಡೆ ಹೋಗಿ ನೀರೊಳಗೆ ಮುಳುಗುತ್ತಾಳೆ. ನಮ್ಮ ವಂಶದಲ್ಲಿ ಸಾರಕ್ಕಿ ಕೆರೆಯಲ್ಲೇ ಮೊಣಕಾಲು ನೀರು ದಾಟಿದ ಹೆಣ್ಣಿಲ್ಲ. ಇವಳು ಆ ಸಮುದ್ರದೊಳಗಿನ ಒಂದು ಬಂಡೆಯ ಮೇಲೆ ಬಾಗಿಲಿನಷ್ಟು ಜಾಗಕ್ಕೆ ನಾಲ್ಕು ಮೊಳೆ ಹೊಡೆದು, ಪ್ರತಿವರ್ಷ ಅದೇ ಜಾಗದ ಫೋಟೊ ತೆಗೆಯುತ್ತಾಳೆ. ಅಲ್ಲಿ ಬೆಳೆಯುವುದು ಸ್ಪಂಜಂತೆ.

"ಪಾತ್ರೆ ಉಜ್ಜೋದಾ?" ಅಂದೆ.

"ಅಲ್ಲ ಅಜ್ಜಿ, ಇದು ಪ್ರಾಣಿ. ಕಾಲಿಲ್ಲ, ಬಾಯಿಲ್ಲ. ಒಂದ್ಸಲ ಬಂಡೆಗೆ ಅಂಟ್ಕೊಂಡ್ರೆ ಸಾಯೋವರ್ಗೂ ಅಲ್ಲೇ. ಮೈಯೆಲ್ಲಾ ತೂತು, ನೀರು ಸೋಸ್ಕೊಂಡು ಬದುಕುತ್ತೆ."

"ಬಾಯಿಲ್ದಿದ್ರೆ ಸಂಸಾರ ಚೆನ್ನಾಗೇ ಮಾಡುತ್ತೆ ಬಿಡು."

ನಕ್ಕಳು. ಆಗ ನಗುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅವಳ ಕಾಲೇಜಿನ ರೂಮಿಗೆ ಬಣ್ಣ ಹೊಡೆಯುತ್ತಿದ್ದಾರೆಂದು ಒಂದು ಚೀಲ ಮನೆಗೆ ತಂದಳು. ಬಿಸಿಲು ತಾಗಬಾರದೆಂದು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಳು. "ನನ್ ಸಾಮಾನು, ಮುಟ್ಬೇಡ ಅಜ್ಜಿ," ಎಂದು ಹೇಳಿ ಗೆಳತಿಯ ಮದುವೆಗೆ ಮೈಸೂರಿಗೆ ಹೋದಳು.

ಮಾರನೆಯ ದಿನ ಅಕ್ಕಿ ತೆಗೆಯಲು ಬಗ್ಗಿದಾಗ ಆ ವಾಸನೆ ಬಂತು. ಚೀಲ ಬಿಚ್ಚಿದರೆ ಹನ್ನೆರಡು ಬಾಟಲಿ, ಎಲ್ಲದರಲ್ಲೂ ಬ್ರಾಂದಿ ಬಣ್ಣದ ನೀರು. ತಳದಲ್ಲಿ ಏನೋ ತುಂಡು, ಜೊತೆಗೊಂದು ಇಂಗ್ಲಿಷ್ ಚೀಟಿ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತುಂಡನ್ನು ನಿಂಬೆಹಣ್ಣಿನ ಸಿಪ್ಪೆ ಅಂದುಕೊಂಡೆ. ತಾತನ ರಕ್ತ ಎಲ್ಲಿ ಹೋಗುತ್ತದೆ ಅಂದುಕೊಂಡೆ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಹನ್ನೆರಡನ್ನೂ ಬಚ್ಚಲಿಗೆ ಸುರಿದೆ. ತುಂಡುಗಳನ್ನು ಹಸಿ ಕಸಕ್ಕೆ ಹಾಕಿದೆ. ಕಸದ ಆಟೋ ಬಂತು, ಹೋಯಿತು. ಬಾಟಲಿಗಳು ಅಗಲ ಬಾಯಿಯವು, ಮುಚ್ಚಳ ಗಟ್ಟಿ. ಮಾವಿನಕಾಯಿ ಕಾಲ ಬೇರೆ. ತೊಳೆದು ತಾರಸಿಯ ಗೋಡೆಯ ಮೇಲೆ ಸಾಲಾಗಿ ಬೋರಲು ಹಾಕಿದೆ.

ಅವಳು ಬಂದಾಗ ಬಾಗಿಲಲ್ಲೇ ಕೇಳಿದೆ: "ಯಾವಾಗಿಂದ ಕುಡೀತಿದೀಯೇ?"

ಅವಳಿಗೆ ಅರ್ಥವಾಗಲಿಲ್ಲ. ತಾರಸಿಗೆ ಹೋಗಿ ನೋಡಿದ ಮೇಲೆ ಅರ್ಥವಾಯಿತು. ಕೂಗಾಡಲಿಲ್ಲ. ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. "ನೋಡು, ನೀನು ಚೆಲ್ಲಿದ್ದು ಏನು ಅಂತ."

ಮೊದಲ ವರ್ಷದ ಫೋಟೊದಲ್ಲಿ ಬಂಡೆ ತುಂಬ ಹವಳ, ಅದರ ಸಂದಿಸಂದಿಯಲ್ಲೂ ಕಿತ್ತಳೆ, ನೇರಳೆ, ಹಳದಿ ಸ್ಪಂಜು. ಮರುವರ್ಷ ನೀರು ಕಾದು ಹವಳ ಬೆಳ್ಳಗಾಗಿತ್ತು. ಮೂರನೆಯದರಲ್ಲಿ ಸತ್ತ ಹವಳದ ಮೇಲೆ ಕರೀ ಸ್ಪಂಜೊಂದು ರೊಟ್ಟಿ ತಟ್ಟಿದ ಹಾಗೆ ಹರಡಿತ್ತು. ನಾಲ್ಕನೆಯದರಲ್ಲಿ ಅದೊಂದೇ.

"ಆ ಕಿತ್ತಳೇದು ಎಲ್ಲೋಯ್ತು?"

"ಅದನ್ನೇ ಅಜ್ಜಿ ನಾನು ಓದ್ತಿರೋದು. ಆ ಜಾಗದಲ್ಲಿ ಈಗಿಲ್ಲ. ಮೊದಲ್ನೇ ವರ್ಷದ್ದು ಉಳಿದಿದ್ದು ಈ ಬಾಟ್ಲೀಲಿ ಮಾತ್ರ. ಸ್ಪಿರಿಟ್ನಲ್ಲಿಟ್ರೆ ಅದರ ಬಣ್ಣ ನೀರಿಗೆ ಬಿಡುತ್ತೆ. ಯಾವ ಜಾತಿ ಅಂತ ಹೇಳಕ್ಕೆ ತುಂಡೇ ಬೇಕು, ಫೋಟೊ ಸಾಲಲ್ಲ."

ಸಮಾಧಾನ ಮಾಡಲು ಹೋದೆ. "ನಮ್ ಸಾರಕ್ಕೀನೂ ಹಂಗೇ ಅಲ್ವಾ? ತೋಟ ಹೋಯ್ತು, ಬಿಲ್ಡಿಂಗ್ ಬಂತು."

"ಹೋಲಿಸ್ಬೇಡ ಅಜ್ಜಿ. ತೋಟ ನಾವಾಗೇ ಮಾರಿದ್ದು. ಈ ಸ್ಪಂಜುಗಳನ್ನ ಯಾರೂ ಕೇಳ್ಲಿಲ್ಲ."

ನಿಜ. ಅವಳನ್ನೂ ಯಾರೂ ಕೇಳಿರಲಿಲ್ಲ.

ವಾರದೊಳಗೆ ಬಿಳೇಕಹಳ್ಳಿಯಲ್ಲಿ ಪಿ.ಜಿ. ರೂಮು ಹಿಡಿದಳು. ಜಗಳವೇನಿಲ್ಲ. ಹಬ್ಬಕ್ಕೆ ಬರುತ್ತಾಳೆ, ಉಣ್ಣುತ್ತಾಳೆ, ಹೋಗುತ್ತಾಳೆ. ಚೀಲ ಮಾತ್ರ ತರುವುದಿಲ್ಲ. ಆ ಬಾಟಲಿಗಳಲ್ಲಿ ನಾನು ಹಾಕಿದ ಉಪ್ಪಿನಕಾಯಿ ಮುಟ್ಟುವುದಿಲ್ಲ. ತಪ್ಪಾಯಿತು ಎಂದು ನಾನು ಹೇಳಿರಲೂ ಇಲ್ಲ. ಮೂವತ್ತು ವರ್ಷ ಸುರಿದಿದ್ದೆಲ್ಲ ಸರಿಯೇ ಆಗಿದ್ದವಳಿಗೆ ಆ ಮಾತು ಬಾಯಿಗೆ ಬರುವುದಿಲ್ಲ.

ಅವಳು ಹೋದ ಮೇಲೆ ಬಚ್ಚಲ ಜಾಲರಿ ತಿಕ್ಕುವಾಗ ಬಾಟಲಿಯ ಚೀಟಿಗಳಲ್ಲೊಂದು ಸಿಕ್ಕಿತ್ತು. ಪೆನ್ಸಿಲ್ಲಿನ ಬರಹ, ಅಳಿಸಿರಲಿಲ್ಲ. ಒಣಗಿಸಿ ಆಧಾರ್ ಕಾರ್ಡಿನ ಕವರಿನೊಳಗೆ ಸೇರಿಸಿದ್ದೆ. ಕೊಡಬೇಕಾದರೆ ಮಾತಾಡಬೇಕಲ್ಲ, ಅದಕ್ಕೇ ಕೊಟ್ಟಿರಲಿಲ್ಲ. ಮೊನ್ನೆ ಕ್ಲಿನಿಕ್ಕಿನಲ್ಲಿ ಕಾರ್ಡು ತೆಗೆಯುವಾಗ ಅದು ಮೇಜಿನ ಮೇಲೆ ಬಿತ್ತು.

"ಏನಿದೆ ಓದಮ್ಮ," ಅಂದೆ ನರ್ಸಿಗೆ.

"ನಂಬರ್ ಹಾಕಿದಾರೆ. ಕಿತ್ತಳೆ ಬಣ್ಣ. ಬಂಡೆ ಮೇಲೆಲ್ಲಾ ಇದೇ ಇದೆ ಅಂತ ಬರ್ದಿದಾರೆ. ಏನಜ್ಜಿ, ಹೂವಾ?"

ಹೂವಲ್ಲ ಅಂದೆ. ಹೊರಗಿನ ಬೆಂಚಿನ ಮೇಲೆ ಕೂತು ಪವಿತ್ರಂಗೆ ಫೋನ್ ಮಾಡಿದೆ. ಚೀಟಿಯ ವಿಷಯ ಹೇಳಿದೆ. ಆಮೇಲೆ, "ತಪ್ಪಾಯ್ತು ಕಣೇ," ಅಂದೆ.

"ಗೊತ್ತು ಅಜ್ಜಿ."

"ಬಂದು ತಗೊಂಡೋಗ್ತೀಯಾ?"

"ಬರೀ ಚೀಟಿ ಇಟ್ಕೊಂಡು ಏನ್ ಮಾಡ್ಲಿ?" ಅಂದಳು. "ನೋಡ್ತೀನಿ."

ಮನೆಗೆ ಬಂದು ಆ ಹನ್ನೆರಡರಲ್ಲಿ ಒಂದು ಬಾಟಲಿಯ ಉಪ್ಪಿನಕಾಯಿ ಚೆಲ್ಲಿ, ತೊಳೆದು ಒಣಗಿಸಿದೆ. ಚೀಟಿಯನ್ನು ಅದರೊಳಗೆ ಹಾಕಿ ಮುಚ್ಚಳ ಬಿಗಿದು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದೇನೆ. ಈ ಮನೆಯಲ್ಲಿ ಅದನ್ನು ಮುಟ್ಟುವವಳು ನಾನೊಬ್ಬಳೇ. ಮುಟ್ಟುವುದಿಲ್ಲ.